ಗೇರು ಸೀಸನ್ನು, ಮಂಗನ ಜ್ವರ: ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿ ಇಳಿಯುತ್ತಿದ್ದ ಹಾಗೆ ಗೋವಾದ ಸತ್ತರಿ ತಾಲ್ಲೂಕಿನ ಗೇರು ತೋಟಗಳಿಗೆ ಬೆಳಗಾವಿ, ಖಾನಾಪುರ ಕಡೆಯ ನಮ್ಮ ಜನ ದುಡಿಯಲು ಬರುತ್ತಾರೆ. ಮಂಗನ ಜ್ವರ ಜಾಸ್ತಿಯಾಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಚಹಾದಂಗಡಿಯಲ್ಲಿ, ಫೋನಿನಲ್ಲಿ, ಕನ್ನಡ ಸಂಘದ ವಿಳಾಸಕ್ಕೆ ಬಂದ ಕಾಗದಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಚಿಕಿತ್ಸೆಯ ವಿಚಾರದಲ್ಲಿ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಎಲ್ಲ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಡಿ. ತೋಟದ ಕೆಲಸದಲ್ಲಿರುವಾಗ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. "ನಾನು ಗೇರು ತೋಟದಲ್ಲಿ ಕೆಲಸ ಮಾಡ್ತೀನಿ" ಅಂತ ನೀವಾಗಿಯೇ ಹೇಳಿ. ಡಾಕ್ಟರ್ ಕೇಳಲಿ ಅಂತ ಕಾಯಬೇಡಿ.

## ಮೊದಲು ತಿಳಿಯಬೇಕಾದ್ದು

ಮಂಗ್ಯಾನ ಜ್ವರ ಅಂದ್ರ ಏನ್ರೀ? ಮಂಗ್ಯಾ ಕಡದ್ರ ಬರತೈತೇನು?

ಮಂಗ ಕಚ್ಚಿ ಬರುವುದಲ್ಲ. ಇದು ವೈರಸ್ಸಿನಿಂದ ಬರುವ ಜ್ವರ. ಅದನ್ನು ನಮ್ಮ ಮೈಗೆ ದಾಟಿಸುವುದು ಕಾಡಿನ ಉಣ್ಣಿ. ಮಲೆನಾಡಿನವರು ಅದನ್ನೇ ಉಣುಗು ಅನ್ನುತ್ತಾರೆ. ಕಾಡಿನ ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳಲ್ಲೂ ಉಣ್ಣಿಯಲ್ಲೂ ಈ ವೈರಸ್ ಸುಮ್ಮನೆ ಉಳಿದುಕೊಂಡಿರುತ್ತದೆ. ಉಣ್ಣಿ ಕಚ್ಚಿದರೆ ಮಂಗಗಳಿಗೂ ನಮ್ಮ ಹಾಗೆಯೇ ಜ್ವರ ಬರುತ್ತದೆ. ನಮಗಿಂತ ಬೇಗ ಸಾಯುವುದೂ ಅವೇ. ಕಪ್ಪು ಮುಖದ ಮುಸಿಯ ಮತ್ತು ಕೆಂಪು ಮುಖದ ಮಂಗ, ಎರಡಕ್ಕೂ ಈ ರೋಗ ತಗಲುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣ್ಣಿಗಳೆಲ್ಲ ಕೆಳಗಿಳಿದು ಸುತ್ತಲಿನ ತರಗೆಲೆ ಸೇರುತ್ತವೆ. ಅಪಾಯ ಇರುವುದು ಆ ಜಾಗದಲ್ಲಿ.

ಆಸ್ಪತ್ರೆಯ ಚೀಟಿಯಲ್ಲಿ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅಂತ ಬರೆದಿರುತ್ತಾರೆ. ಇಲ್ಲಿಯವರು ಮಾಕಡ ತಾಪ ಅನ್ನುತ್ತಾರೆ. ಎಲ್ಲ ಒಂದೇ.

ಇದು ಶಿವಮೊಗ್ಗ ಕಡೆಯ ಕಾಯಿಲೆ ಅಲ್ವಾ? ಗೋವಾದಲ್ಲಿ ಯಾಕೆ?

ಮೊದಲು ಪತ್ತೆಯಾಗಿದ್ದು ಅಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲಾಗಿ ಸಾಯುತ್ತಿದ್ದವು, ಕಾಡಿಗೆ ಹೋಗಿ ಬಂದ ಜನ ಜ್ವರದಲ್ಲಿ ಮಲಗುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿ ಬಂದರು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ ಎಂಬ ಭಯ ಅವರಿಗಿತ್ತು. ನೋಡಿದರೆ ಅದು ಯಾರೂ ಕಂಡಿರದ ಹೊಸ ವೈರಸ್ ಆಗಿತ್ತು.

ಎಷ್ಟೋ ದಶಕ ಇದು ಕರ್ನಾಟಕದ ಮಲೆನಾಡು, ಕರಾವಳಿ ಜಿಲ್ಲೆಗಳಲ್ಲೇ ಇತ್ತು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡಿನಲ್ಲಿ ಕಂಡಿತು. 2015ರಲ್ಲಿ ಸತ್ತರಿಯ ಪಾಲಿ ಊರಿನಲ್ಲಿ, 2016ರಲ್ಲಿ ಪಕ್ಕದ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ರಾಜ್ಯದ ಗಡಿ ನಮಗೆ ಮಾತ್ರ. ಸಹ್ಯಾದ್ರಿಯ ಕಾಡು, ಮಂಗ, ಉಣ್ಣಿ ಎಲ್ಲ ಕಡೆ ಒಂದೇ. ಆದರೆ ಒಂದು ವ್ಯತ್ಯಾಸ ಇದೆ. ಸಾಗರ, ಸೊರಬದ ಹಳೆಯ ಡಾಕ್ಟರಿಗೆ ಬೇಸಿಗೆಯ ಜ್ವರ ಅಂದರೆ ಮೊದಲು ಹೊಳೆಯುವುದೇ ಮಂಗನ ಕಾಯಿಲೆ. ಗೋವಾಕ್ಕೆ ಇದು ಹೊಸ ರೋಗ.

ಜ್ವರ ಬಂದೋರ ಪಕ್ಕದಲ್ಲಿ ಮಲಗಿದರೆ ನಮಗೂ ಅಂಟುತ್ತಾ?

ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಹತ್ತಿರ ಕೂತು ಗಂಜಿ ಕುಡಿಸಿ, ಮೈ ಒರೆಸಿ, ಏನೂ ಆಗುವುದಿಲ್ಲ. ಜ್ವರ ಬಂದವರನ್ನು ಗುಡಿಸಲಿನಿಂದ ಹೊರಗೆ ಹಾಕುವುದು ತಪ್ಪು. ಒಂದೇ ಗುಡಿಸಲಿನ ಇಬ್ಬರಿಗೆ ಬಂದರೆ, ಇಬ್ಬರೂ ಒಂದೇ ತೋಟದಲ್ಲಿ ಕೆಲಸ ಮಾಡಿದ್ದಾರೆ ಅಂತ ಅರ್ಥ.

ಗೇರುಹಣ್ಣು ತಿಂದರೆ, ಉರ್ರಾಕ್ ಕುಡಿದರೆ, ಆ ಕಡೆಯ ಹಾಲು ಕುಡಿದರೆ ಬರುತ್ತಾ?

ಹಣ್ಣಿನಿಂದಲೂ ಬರುವುದಿಲ್ಲ, ಅದರ ರಸ ಭಟ್ಟಿ ಇಳಿಸಿ ಮಾಡುವ ಉರ್ರಾಕ್, ಫೆನಿಯಿಂದಲೂ ಬರುವುದಿಲ್ಲ. ಹಾಲಿನಿಂದ ಬಂದ ದಾಖಲೆ ಇಲ್ಲ. ಆದರೆ ಕಾಡಿಗೆ ಮೇಯಲು ಹೋದ ದನ ಮೈತುಂಬ ಉಣ್ಣಿ ಹೊತ್ತು ಕೊಟ್ಟಿಗೆಗೆ ತರುತ್ತದೆ, ಅದನ್ನು ನೋಡಿಕೊಳ್ಳಬೇಕು.

ಗೇರು ತೋಟದವರಿಗೇ ಯಾಕೆ ಜಾಸ್ತಿ?

ಕೆಲಸ ಹೇಗೆ ನಡೆಯುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ಗೇರನ್ನು ಮಾವಿನ ಹಾಗೆ ಮರದಿಂದ ಕೊಯ್ಯುವುದಿಲ್ಲ. ಹಣ್ಣಾಗಿ ತಾನಾಗಿಯೇ ಉದುರಿದ ಮೇಲೆ ಆರಿಸುತ್ತಾರೆ. ಬೆಳಗ್ಗೆ ಹೋಗಿ, ತುದಿಗೆ ಮೊಳೆ ಸಿಕ್ಕಿಸಿದ ಕೋಲಿನಿಂದ ಹಣ್ಣು ಚುಚ್ಚಿ ಎತ್ತುತ್ತಾರೆ. ತರಗೆಲೆಯ ಕೆಳಗೆ ಸಿಕ್ಕಿಕೊಂಡ ಬೀಜಕ್ಕೆ ಮಾತ್ರ ಕೈಯೇ ಹಾಕಬೇಕು. ಎಲೆ ಸರಿಸಿ, ಬಗ್ಗಿ, ಮಂಡಿಯೂರಿ ಕೂತು ಬೀಜ ತಿರುವಿ ತೆಗೆಯುತ್ತಾರೆ. ಹೆಂಗಸರಿಗೆ ಈ ಕೂತು ಮಾಡುವ ಕೆಲಸ ಜಾಸ್ತಿ ಬೀಳುತ್ತದೆ. ಸೀರೆಯ ಅಂಚು ಎಲೆಯ ಮೇಲೆ ಎಳೆಯುತ್ತಲೇ ಇರುತ್ತದೆ.

ಆ ಎಲೆಯಲ್ಲೇ ಉಣ್ಣಿ ಇರುವುದು. ಮಳೆ ನಿಂತ ಮೇಲೆ ಮರಿಗಳು ಹೊರಬಿದ್ದು, ಚಳಿಗಾಲದಿಂದ ಬೇಸಿಗೆಯವರೆಗೆ ಅರೆಬೆಳೆದ ಹಂತದಲ್ಲಿರುತ್ತವೆ. ಮನುಷ್ಯನಿಗೆ ಜಾಸ್ತಿ ಕಚ್ಚುವುದು ಈ ಹಂತದ ಉಣ್ಣಿ. ಎಳ್ಳಿನಷ್ಟೂ ಇರುವುದಿಲ್ಲ. ಕಾಲುಚೀಲದ ಅಂಚಿನಲ್ಲಿ, ಸೊಂಟದ ನಾಡಾ ಕೆಳಗೆ ಕೂತರೆ ಮಣ್ಣಿನ ಚುಕ್ಕೆ ಅಂದುಕೊಳ್ಳುತ್ತೀರಿ. ಡಿಸೆಂಬರಿನಿಂದ ಮೇವರೆಗೆ ರೋಗದ ಕಾಲ, ಫೆಬ್ರುವರಿಯಿಂದ ಮೇವರೆಗೆ ಗೇರಿನ ಕಾಲ. ಎರಡೂ ಒಂದರ ಮೇಲೊಂದು ಬೀಳುತ್ತವೆ. ಸೌದೆ, ತರಗು ತರಲು ಕಾಡಿಗೆ ಹೋಗುವವರಿಗೂ ಇದೇ ಅಪಾಯ.

## ಜ್ವರ ಮತ್ತು ಆಸ್ಪತ್ರೆ

ಸಾದಾ ಜ್ವರ ಯಾವ್ದು, ಇದು ಯಾವ್ದು ಅಂತ ಹೆಂಗ ಗೊತ್ತಾಗ್ಬೇಕ್ರಿ?

ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ, ಡಾಕ್ಟರಿಗೂ ರಕ್ತ ಪರೀಕ್ಷೆ ಬೇಕು. ಆದರೆ ಅನುಮಾನ ಪಡಲು ಕೆಲವು ಗುರುತು ಇವೆ. ಉಣ್ಣಿ ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ದಿಢೀರನೆ ಏರುತ್ತದೆ. ಚಳಿ, ಸಿಡಿಯುವ ತಲೆನೋವು, ಏಳಲೂ ಆಗದಷ್ಟು ಸೊಂಟ ಮತ್ತು ಮೈಕೈ ನೋವು. ಕಣ್ಣು ಕೆಂಪಾಗುತ್ತದೆ. ಮೂರು ನಾಲ್ಕು ದಿನವಾದ ಮೇಲೆ ವಾಂತಿ, ಭೇದಿ, ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ.

ಮಲೇರಿಯಾ, ಡೆಂಗಿ, ಇಲಿಜ್ವರ ಕೂಡ ಶುರುವಿನಲ್ಲಿ ಹೀಗೇ ಇರುತ್ತವೆ. ಅದಕ್ಕೇ ಕೆಲಸದ ಜಾಗ ಹೇಳುವುದು ಅಷ್ಟು ಮುಖ್ಯ. ಮೊದಲ ವಾರದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ, ಆಮೇಲೆ ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಮಾಡುತ್ತಾರೆ. ಊರ ಸಣ್ಣ ಲ್ಯಾಬಿನಲ್ಲಿ ಇದು ಆಗುವುದಿಲ್ಲ. ಸತ್ತರಿಯಲ್ಲಿದ್ದರೆ ವಾಳಪೈಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ.

ಔಷಧಿ ಐತೇನ್ರಿ? ಜೀವಕ್ಕ ಅಪಾಯ ಎಷ್ಟು?

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಹಾಗಂತ ಚಿಕಿತ್ಸೆಯೇ ಇಲ್ಲ ಅಂತ ತಿಳಿಯಬೇಡಿ. ಮೈಯಲ್ಲಿ ನೀರು ಕಡಿಮೆಯಾಗದಂತೆ, ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುವುದು, ಪ್ಲೇಟ್‌ಲೆಟ್ ಎಣಿಸುತ್ತಿರುವುದು, ರಕ್ತಸ್ರಾವವಾದರೆ ತಡೆಯುವುದು, ಇದೇ ಚಿಕಿತ್ಸೆ. ಇದರಿಂದಲೇ ಜೀವ ಉಳಿಯುತ್ತದೆ. ರೋಗ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ಉಳಿದವರು ಚೇತರಿಸಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಮೈನೋವು ತಡೆಯಲಾಗದೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಆಸ್ಪಿರಿನ್, ಐಬುಪ್ರೊಫೇನ್ ಥರದವು ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ಬಿಟ್ಟು ಬೇರೇನನ್ನೂ ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ.

ಜ್ವರ ಬಿಟ್ಟು ವಾರ ಆಗಿತ್ತು, ಮತ್ತೆ ಬಂತು. ಹೊಸದಾಗಿ ಉಣ್ಣಿ ಕಚ್ಚಿತಾ?

ಬಹುತೇಕ ಅದೇ ರೋಗದ ಎರಡನೇ ಸುತ್ತು. 100ರಲ್ಲಿ 10ರಿಂದ 20 ಜನರಿಗೆ ಮೂರನೇ ವಾರದ ಹೊತ್ತಿಗೆ ಜ್ವರ ಮರಳುತ್ತದೆ. ಈ ಸಲ ಮಿದುಳಿನ ಕಡೆಯ ತೊಂದರೆ ಇರುತ್ತದೆ: ಜೋರು ತಲೆನೋವು, ಕೈ ನಡುಕ, ಕಣ್ಣು ಮಂಜು, ಮಾತು ತಡವರಿಸುವುದು, ಗೊಂದಲ. ಕೂಡಲೇ 108ಕ್ಕೆ ಫೋನ್ ಮಾಡಿ. ಜ್ವರ ಇಳಿದ ಮರುದಿನವೇ ತೋಟಕ್ಕೆ ಹೋಗಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಮೈಮೇಲೆ ಉಣ್ಣಿ ಕಂಡಿತು. ಸುಟ್ಟು ತೆಗೀಲಾ?

ಬೇಡ. ಬೆಂಕಿಕಡ್ಡಿ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ. ಸೋಪು ಹಾಕಿ ತೊಳೆಯಿರಿ. ಆ ದಿನಾಂಕ ಬರೆದಿಡಿ. ಮುಂದೆ ಜ್ವರ ಬಂದರೆ ಡಾಕ್ಟರಿಗೆ ಅದು ಬೇಕಾಗುತ್ತದೆ. ಎಲ್ಲ ಉಣ್ಣಿಯಲ್ಲೂ ವೈರಸ್ ಇರುವುದಿಲ್ಲ, ಗಾಬರಿ ಬೇಡ.

ತೋಟಕ್ಕೆ ಹೋಗದೆ ನಡೆಯಲ್ಲ. ತಪ್ಪಿಸಿಕೊಳ್ಳೋದು ಹೇಗೆ?

ಮೈತುಂಬ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಸೀರೆ ಉಡುವ ಹೆಂಗಸರು ಒಳಗೆ ಪೈಜಾಮ ಹಾಕಿಕೊಂಡು ಕಾಲುಚೀಲಕ್ಕೆ ಸೇರಿಸಿದರೆ ಒಳ್ಳೆಯದು. ಬಿಸಿಲಿಗೆ ಇದು ಹಿಂಸೆ ಅಂತ ನನಗೆ ಗೊತ್ತು. ಆದರೂ ಬಿಡಬೇಡಿ. ಕೈಕಾಲಿಗೆ ಉಣ್ಣಿ ದೂರ ಇಡುವ ತೈಲ ಹಚ್ಚಿ. ಕರ್ನಾಟಕದಲ್ಲಿ ಆರೋಗ್ಯ ಇಲಾಖೆ ಡೇಪಾ ತೈಲ ಹಂಚುತ್ತದೆ. ಇಲ್ಲಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅದರ ಶಕ್ತಿ ಕೆಲವೇ ಗಂಟೆ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಎಲೆಯ ಮೇಲೆ ಮಲಗಿ ನಿದ್ದೆ ಮಾಡಬೇಡಿ. ಸಂಜೆ ಬಂದು ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ, ಕೂದಲಲ್ಲಿ ಒಬ್ಬರಿಗೊಬ್ಬರು ನೋಡಿಕೊಳ್ಳಿ.

ಸತ್ತ ಮಂಗ ಕಂಡರೆ ಹೂಳಬೇಕಾ?

ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಹೇಳಿ. ಅವರು ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಉಳಿದದ್ದನ್ನು ವಿಲೇವಾರಿ ಮಾಡಿ, ಸುತ್ತ 50 ಮೀಟರ್ ಔಷಧಿ ಹೊಡೆಯುತ್ತಾರೆ. ಅಲ್ಲಿಯವರೆಗೆ ಆ ಭಾಗದಲ್ಲಿ ಗೇರು ಆರಿಸುವುದು ನಿಲ್ಲಿಸಿ. ಮುಚ್ಚಿಟ್ಟರೆ ಜನರ ಜೀವಕ್ಕೆ ಕುತ್ತು.

## ದುಡ್ಡಿನ ಮಾತು

ಹದಿನೈದ್ ದಿನ ಮಲಗಿದ್ರ ನಮ್ಮ ಸೀಸನ್ನ ಹೋದಂಗ. ಗುಳಿಗಿ ತಗೊಂಡು ಊರಿಗೆ ಹೋಗಿ ತೋರಿಸಿದ್ರ ಆಗಂಗಿಲ್ಲೇನ್ರಿ?

ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಇದರ ಹಿಂದಿನ ಕಷ್ಟ ಸಣ್ಣದಲ್ಲ. ದಿನಗೂಲಿ 500 ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಗಂಡ ಹೆಂಡತಿ ಜೋಡಿಯಾಗಿ ಬಂದಿದ್ದಾರೆ. ಅವನಿಗೆ ಜ್ವರ ಬಂದು ಎರಡು ವಾರ ಆಸ್ಪತ್ರೆ, ಆಮೇಲೆ ಎರಡು ವಾರ ಸುಸ್ತು. ಅವನ ಕೂಲಿ 14,000 ಹೋಯಿತು. ಹತ್ತಿರ ಕೂರಲು ಅವಳೂ ಎರಡು ವಾರ ಕೆಲಸ ಬಿಟ್ಟಳು, ಇನ್ನೊಂದು 7,000. ಬಸ್ಸು, ಊಟ, ಹೊರಗಿನ ಔಷಧಿ ಬೇರೆ. ಊರಿನಲ್ಲಿ ಮುಂಗಡ ತಂದು ಖರ್ಚು ಮಾಡಿ ಆಗಿದೆ. ಇಡೀ ಸೀಸನ್ನೇ ಮೂರು ನಾಲ್ಕು ತಿಂಗಳದ್ದು. ಬೇಸಿಗೆ ಹೋದರೆ ಆ ದುಡಿಮೆ ಮುಂದಿನ ವರ್ಷಕ್ಕೇ.

ಆದರೂ ಊರಿನ ಬಸ್ಸು ಹತ್ತಬೇಡಿ. ಚೋರ್ಲಾ ಘಾಟಿನ ತಿರುವುಗಳಲ್ಲಿ ವಾಂತಿ ಮಾಡುತ್ತಾ ಹೋಗುವಾಗ ರಕ್ತದೊತ್ತಡ ಬಿದ್ದರೆ ನೋಡುವವರು ಯಾರೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಊರು ಮುಟ್ಟಿದ ಮೇಲೆ. ನಿಮ್ಮ ಊರಿನಲ್ಲಿ ಈ ರೋಗ ಅಪರೂಪ, ಅಲ್ಲಿಯ ಡಾಕ್ಟರಿಗೆ ಇದು ಹೊಳೆಯುವುದಿಲ್ಲ. ಟೈಫಾಯಿಡ್ ಇರಬೇಕು ಅಂತ ಸಲೈನ್ ಹಾಕಿ ಕಳಿಸುತ್ತಾರೆ. ಗೋವಾದ ಗೇರು ತೋಟದಲ್ಲಿ ದುಡಿದು ಬೆಳಗಾವಿ ಕಡೆಗೆ ಮರಳಿದ ಕಾರ್ಮಿಕರಲ್ಲಿ ಈ ರೋಗ ಪತ್ತೆಯಾದದ್ದು ದಾಖಲಾಗಿದೆ. ಈಗಾಗಲೇ ಊರಿಗೆ ಹೋಗಿ ಮಲಗಿದ್ದರೆ, ಅಲ್ಲಿಯ ಡಾಕ್ಟರಿಗೆ "ಸತ್ತರಿಯ ಗೇರು ತೋಟದಿಂದ ಬಂದೀನಿ, ಕೆಎಫ್‌ಡಿ ಇರಬಹುದಾ ನೋಡ್ರಿ" ಅಂತಲೇ ಹೇಳಿ. ಈ ಒಂದು ಮಾತು ನಾಲ್ಕು ದಿನ ಉಳಿಸುತ್ತದೆ. ನಾಲ್ಕು ದಿನ ಅಂದರೆ ದುಡ್ಡೂ ಹೌದು, ಜೀವವೂ ಹೌದು.

ನಾವು ಕರ್ನಾಟಕದವರು. ಗೋವಾದಲ್ಲಿ ಫ್ರೀ ಚಿಕಿತ್ಸೆ ಸಿಗುತ್ತಾ?

ಗೋವಾ ಸರ್ಕಾರದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಇಲ್ಲಿ ಐದು ವರ್ಷ ನೆಲೆಸಿದವರಿಗೆ. ಸೀಸನ್ನಿಗೆ ಬಂದವರಿಗೆ ಅದು ಸಿಗುವುದಿಲ್ಲ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ 2018ರಿಂದ ಹೊರ ರಾಜ್ಯದವರಿಗೆ ಶುಲ್ಕ ಶುರುವಾಯಿತು. ತುರ್ತು ಚಿಕಿತ್ಸೆಗೆ ವಿನಾಯಿತಿ ಇಟ್ಟಿದ್ದರು. ಹಾಗಾಗಿ ದಾಖಲಾಗುವಾಗಲೇ ಕೇಳಿ ತಿಳಿದುಕೊಳ್ಳಿ.

ನಿಮ್ಮ ಕೈಯಲ್ಲಿರುವ ದೊಡ್ಡ ಆಧಾರ ಆಯುಷ್ಮಾನ್ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆ ಯೋಜನೆಗೆ ಸೇರಿದ ಆಸ್ಪತ್ರೆಯಾದರೆ ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಎಷ್ಟೋ ಜನ ಕಾರ್ಡನ್ನು ಊರಿನ ಪೆಟ್ಟಿಗೆಯಲ್ಲಿ ಬಿಟ್ಟು ಬರುತ್ತಾರೆ. ಆಧಾರ್, ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಮೂರೂ ಜೊತೆಗಿರಲಿ, ಫೋನಿನಲ್ಲಿ ಫೋಟೋ ಕೂಡ ಇರಲಿ.

ನಾನು ತೋಟ ಹರಾಜಿನಲ್ಲಿ ಹಿಡಿದವನು. ಜ್ವರದ ಸುದ್ದಿ ಹಬ್ಬಿ ಕೆಲಸದವರು ಹೋದರೆ ನನ್ನ ಗತಿ?

ನಷ್ಟ ನಿಜ. ಬೀಜ ನಾಲ್ಕು ದಿನ ತಡವಾದರೂ ಕೈಗೆ ಸಿಗುತ್ತದೆ. ಹಣ್ಣು ಹಾಗಲ್ಲ, ಬಿದ್ದ ದಿನವೇ ಎತ್ತಿ ಹಿಂಡದಿದ್ದರೆ ಕೊಳೆಯುತ್ತದೆ. ಹಣ್ಣು ಹೋದರೆ ರಸ ಹೋಯಿತು, ರಸ ಹೋದರೆ ಉರ್ರಾಕ್, ಫೆನಿ ಎರಡೂ ಹೋದವು. ಭಟ್ಟಿಯವನ ಕೆಲಸವೂ ನಿಂತಿತು. ಹರಾಜಿನ ದುಡ್ಡು ಮಾತ್ರ ನೀವು ಕಟ್ಟಲೇಬೇಕು.

ಆದರೆ ಸುದ್ದಿ ಮುಚ್ಚಿಟ್ಟು ಜನರನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಒಬ್ಬರು ಸತ್ತರೆ ತೋಟಕ್ಕೆ ತೋಟವೇ ಒಂದು ರಾತ್ರಿಯಲ್ಲಿ ಖಾಲಿಯಾಗುತ್ತದೆ. ಸೀಸನ್ ಶುರುವಾಗುವ ಮೊದಲು ತೈಲ, ಕಾಲುಚೀಲ, ಬೂಟು ಕೊಡಿಸಿ. ಗುಡಿಸಲಿನ ಹತ್ತಿರ ನೀರು ಕಾಯಿಸಲು ಒಲೆ, ಸೌದೆ ಇರಲಿ. ಜ್ವರ ಬಂದವನಿಗೆ ಆಸ್ಪತ್ರೆಗೆ ಹೋಗಲು ಗಾಡಿ, ಒಂದು ವಾರದ ಅರ್ಧ ಕೂಲಿಯಾದರೂ ಕೊಡಿ. ಕೂಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಯಾರೂ ಜ್ವರ ಬಚ್ಚಿಡುವುದಿಲ್ಲ. ಈ ಖರ್ಚು ನಿಮ್ಮದೇ ಅಂತ ನಾನು ನೇರವಾಗಿ ಹೇಳುತ್ತೇನೆ. ತೋಟದ ಲಾಭ ನಿಮಗೆ ಬರುವಾಗ, ತೋಟದ ಜ್ವರ ಪೂರ್ತಿ ಕೂಲಿಯವರ ತಲೆಗೆ ಬೀಳಬಾರದು.

## ಇನ್ನೂ ಆಳಕ್ಕೆ

ಲಸಿಕೆ ಇತ್ತಲ್ಲ, ನಿಲ್ಲಿಸಿದ್ದು ಯಾಕೆ?

ಇತ್ತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 1990ರಿಂದ ಕರ್ನಾಟಕದಲ್ಲಿ ಕೊಟ್ಟರು, ರೋಗ ಬಂದ ಮೇಲೆ ಸತ್ತರಿಯಲ್ಲೂ ಹಾಕಿದರು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ. ನೋವು ಬಹಳ ಅಂತ ಜನ ಎರಡನೆಯದಕ್ಕೇ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಕರ್ನಾಟಕದ ಅಂಕಿಅಂಶ ನೋಡಿದ ಒಂದು ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ಎಂದು ಕಂಡಿತ್ತು. ಮುಂದೆ ಲಸಿಕೆಯ ಶಕ್ತಿಯೇ ಸಾಲದು ಎಂದಾಗಿ 2022ರಲ್ಲಿ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ನಡೆಸಿವೆ. ಅದು ಕೈಗೆ ಬರುವವರೆಗೆ ತೈಲ, ಬಟ್ಟೆ, ಬಿಸಿನೀರೇ ಗತಿ. ಹಿಂದೆ ಹಾಕಿಸಿಕೊಂಡಿದ್ದೇನೆ ಅಂತ ಧೈರ್ಯದಲ್ಲಿ ಇರಬೇಡಿ.

ಮಂಗಗಳನ್ನೇ ಹಿಡಿದು ದೂರ ಬಿಟ್ಟರೆ, ಕಾಡು ಕಡಿದು ಪೂರ್ತಿ ತೋಟ ಮಾಡಿದರೆ ರೋಗ ಹೋಗಲ್ವಾ?

ಎರಡರಿಂದಲೂ ರೋಗ ಹೆಚ್ಚುತ್ತದೆ. ಮಂಗ ಸಾಗಿಸಿದರೆ ಅದರ ಮೈಮೇಲಿನ ಉಣ್ಣಿ, ವೈರಸ್ಸನ್ನೂ ಹೊಸ ಊರಿಗೆ ಸಾಗಿಸಿದ ಹಾಗೆ. ಮಂಗ ಇಲ್ಲದಿದ್ದರೂ ಇಲಿ, ಉಣ್ಣಿಗಳಲ್ಲಿ ವೈರಸ್ ಇದ್ದೇ ಇರುತ್ತದೆ. ಮಂಗದ ಸಾವು ಕೊಡುತ್ತಿದ್ದ ಮುನ್ಸೂಚನೆ ಮಾತ್ರ ಇಲ್ಲವಾಗುತ್ತದೆ.

ಕಾಡು ಕಡಿದ ಕತೆ ನಮ್ಮ ನಾಡಿನದೇ ಇದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ದಟ್ಟ ಕಾಡು ಸವರಿ ಗೇರು ತೋಟ ಮಾಡಲು ಹೊರಟರು. ಮುಟ್ಟದೆ ಬಿಟ್ಟಿದ್ದ ಕಾಡಿನೊಳಗೆ ಕೂಲಿಯವರು, ದನಗಳು ಹೊಕ್ಕವು. 1983ರ ಸೀಸನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗಲಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ಗೇರು, ಅಲ್ಲೂ ಕೂಲಿಯವರು. ಸತ್ತರಿಯಲ್ಲಿ ಹೊಸ ತೋಟಕ್ಕೆ ಕಾಡು ತೆಗೆಯುವ ಮಾತು ಬಂದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಕೆಲಸದಲ್ಲಿ ಬಂದ ರೋಗ ಅಂತ ಪರಿಹಾರ ಕೇಳಬಹುದಾ?

ಕೇಳಬಹುದು, ಆದರೆ ಸುಲಭ ಅಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ವೃತ್ತಿರೋಗಗಳ ಪಟ್ಟಿ ಇತ್ತು. ಸೋಂಕಿನ ಅಪಾಯ ವಿಶೇಷವಾಗಿರುವ ಕೆಲಸದಲ್ಲಿ ತಗಲಿದ ಸೋಂಕುರೋಗಗಳಿಗೆ ಅದರಲ್ಲಿ ಜಾಗ ಇತ್ತು. ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಂಥ ಪಟ್ಟಿ ಇದೆ. ತೊಡಕು ಇರುವುದು ಪುರಾವೆಯಲ್ಲಿ. ಬಾಯಿಮಾತಿನ ಕೂಲಿಗೆ ಹಾಜರಿ ಪುಸ್ತಕ ಇಲ್ಲ, ಚೀಟಿ ಇಲ್ಲ. "ಇವನು ನನ್ನ ತೋಟದಲ್ಲಿ ಇರಲೇ ಇಲ್ಲ" ಅಂದರೆ ಮುಗಿಯಿತು.

ಹಾಗಾಗಿ ಕೆಲಸ ಶುರುವಾದ ದಿನದಿಂದಲೇ ಜೋಪಾನ ಮಾಡಿ. ಕೂಲಿ ಫೋನಿನಲ್ಲಿ ಹಾಕಿಸಿಕೊಂಡರೆ ಅದೇ ದಾಖಲೆ. ನಗದು ಕೊಟ್ಟರೆ ದಿನಾಂಕ, ಮೊತ್ತ ಪುಸ್ತಕದಲ್ಲಿ ಬರೆದು ಮುಕಾದಮನ (ಮೇಸ್ತ್ರಿಯ) ಸಹಿ ಹಾಕಿಸಿ. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಸರ್ಕಾರದ ಇ-ಶ್ರಮ್ ನೋಂದಣಿ ಮಾಡಿಸಿ. ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಉದ್ಯೋಗ ಅನ್ನುವ ಕಡೆ ಸುಮ್ನೆ ಕೂಲಿ ಅಂತ ಬರೆಯುತ್ತಾರೆ. ಅಲ್ಲಿ ಗೇರು ತೋಟದ ಕೆಲಸ ಅಂತ, ಊರಿನ ಹೆಸರಿನ ಸಮೇತ ಬರೆಸಿ. ಪರೀಕ್ಷೆಯ ವರದಿ, ಡಿಸ್ಚಾರ್ಜ್ ಕಾಗದ ಎರಡರ ನಕಲು ಇಟ್ಟುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಕೊಂಕಣಿ, ಮರಾಠಿ ಬರದಿದ್ದರೆ ಹತ್ತಿರದ ಕನ್ನಡ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ.